ಚಿಂತೆಯ ರೋಗಿಗಳಿಗೊಂದು ಮನೆ: ಮೊರಿತಾ ಚಿಕಿತ್ಸೆಯ ಹುಟ್ಟು ಮತ್ತು ನಡೆ

ಬಿಡದೆ ಕಾಡುವ ಚಿಂತೆಗೆ ಆಧುನಿಕ ವೈದ್ಯಶಾಸ್ತ್ರವು ಕಂಡುಕೊಂಡ ಪರಿಹಾರಗಳಲ್ಲಿ ಹೆಚ್ಚಿನವು ಆಸ್ಪತ್ರೆಗಳಲ್ಲಿಯೋ ಪ್ರಯೋಗಾಲಯಗಳಲ್ಲಿಯೋ ವೈದ್ಯರ ಕೊಠಡಿಗಳಲ್ಲಿಯೋ ಹುಟ್ಟಿದವು. ಇವಕ್ಕೆ ಹೊರತಾದ ಒಂದು ಕ್ರಮವು 1919ರಲ್ಲಿ ಟೋಕಿಯೋ ನಗರದ ಹೊಂಗೊ ಭಾಗಕ್ಕೆ ಸೇರಿದ ಕೊಮಾಗೊಮೆಯಲ್ಲಿ, ಮೊರಿತಾ ಮಸಾತಾಕೆ ಎಂಬ ಮನೋವೈದ್ಯರ ವಾಸದ ಮನೆಯೊಳಗೆ, ಅಡುಗೆಮನೆ, ಹಿತ್ತಿಲು, ಬಚ್ಚಲುಗಳ ನಡುವೆ ರೂಪುಗೊಂಡಿತು. ಮಸಾತಾಕೆ ಎಂಬ ಹೆಸರಿನ ಅಕ್ಷರಗಳನ್ನು ಇನ್ನೊಂದು ರೀತಿಯಲ್ಲಿ ಓದಿದಾಗ ಶೋಮಾ ಎಂದಾಗುವುದರಿಂದ ಗ್ರಂಥಗಳಲ್ಲಿ ಈ ವೈದ್ಯರ ಹೆಸರು ಎರಡು ಬಗೆಯಾಗಿ ಕಾಣುತ್ತದೆ. ಚಿಂತೆಯನ್ನು ಓಡಿಸಬೇಕೆಂಬ ಹಟವೇ ಚಿಂತೆಯನ್ನು ಸಾಕುತ್ತದೆ ಎಂಬುದು ಅವರ ಕ್ರಮದ ತಿರುಳು. ಈ ಮಾತನ್ನು ಒಂದು ಸೂತ್ರವಾಗಿ ಹೇಳಿಬಿಡುವುದು ಸುಲಭ. ಆದರೆ ಮೊರಿತಾ ಅದನ್ನು ತಲುಪಿದ್ದು ಹದಿನೈದು ವರ್ಷಕ್ಕೂ ಮೀರಿದ ಸೋಲುಗಳನ್ನು ದಾಟಿದ ಮೇಲೆ, ಅದೂ ಮನೆವಾರ್ತೆಯ ಕೆಲಸಗಳ ಮೂಲಕ. ಆದ್ದರಿಂದ ಈ ಚಿಕಿತ್ಸೆಯ ಚರಿತ್ರೆಯನ್ನು ಸಿದ್ಧಾಂತವೊಂದರ ಚರಿತ್ರೆಯಾಗಿ ಮಾತ್ರ ಬರೆದರೆ ಅದರ ಅರ್ಧಭಾಗವೇ ಬಿಟ್ಟುಹೋಗುತ್ತದೆ.

ಆ ಮನೆಯ ಬಾಗಿಲಿಗೆ ರೋಗಿಗಳು ಹೊತ್ತು ತರುತ್ತಿದ್ದ ರೋಗದ ಹೆಸರು ಮಾತ್ರ ಜಪಾನಿನದಾಗಿರಲಿಲ್ಲ. ಅಮೆರಿಕದ ನರವೈದ್ಯ ಜಾರ್ಜ್ ಬಿಯರ್ಡ್ 1869ರಲ್ಲಿ ನ್ಯೂರಸ್ತೀನಿಯಾ ಎಂಬ ರೋಗವನ್ನು ವಿವರಿಸಿ ಲೇಖನ ಬರೆದರು. ದೇಹದ ನರಮಂಡಲದಲ್ಲಿ ಮಿತವಾದ ಶಕ್ತಿ ಮಾತ್ರ ಇದೆ, ಉಗಿಯಂತ್ರ, ತಂತಿ ಸಂದೇಶ, ದಿನಪತ್ರಿಕೆ ಮುಂತಾದವುಗಳಿಂದ ವೇಗ ಪಡೆದ ಹೊಸ ನಾಗರಿಕತೆ ಆ ಶಕ್ತಿಯನ್ನು ಬೇಗ ಬರಿದುಮಾಡುತ್ತದೆ, ಹಾಗೆ ಬರಿದಾದಾಗ ನಿದ್ರೆಗೇಡು, ತಲೆಭಾರ, ಎದೆಬಡಿತ, ಅಕಾರಣ ಭಯ, ನಿಲ್ಲದ ಯೋಚನೆ ಇವೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ ಎಂಬುದು ಬಿಯರ್ಡ್ ವಾದ. ಕನ್ನಡ ಪತ್ರಿಕೆಗಳ ಔಷಧ ಜಾಹೀರಾತುಗಳಲ್ಲಿ ನರದೌರ್ಬಲ್ಯವೆಂಬ ಮಾತನ್ನು ಓದಿ ಬಲ್ಲವರಿಗೆ ಈ ಕಲ್ಪನೆಯ ಹರಹು ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಶಕ್ತಿ ಬರಿದಾಗುವುದೇ ರೋಗವಾದರೆ ಅದನ್ನು ಮತ್ತೆ ತುಂಬುವುದೇ ಚಿಕಿತ್ಸೆಯಾಗಬೇಕು. ಈ ತರ್ಕವನ್ನು ಹಿಡಿದು ಫಿಲಡೆಲ್ಫಿಯಾದ ಸೈಲಸ್ ವೇರ್ ಮಿಚೆಲ್ ಅವರು ರೋಗಿಗಳನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿ, ಹಾಲು ಮೊದಲಾದ ಪುಷ್ಟಿಯ ಆಹಾರವನ್ನು ಯಥೇಚ್ಛವಾಗಿ ಕೊಟ್ಟು, ಮೈ ನೀವಿಸಿ, ವಿದ್ಯುತ್ತಿನಿಂದ ಸ್ನಾಯುಗಳನ್ನು ಪ್ರಚೋದಿಸುವ ವಿಶ್ರಾಂತಿ ಚಿಕಿತ್ಸೆಯನ್ನು ಬಳಕೆಗೆ ತಂದರು.

ಮೇಜಿ ಯುಗ 1868ರಲ್ಲಿ ಆರಂಭವಾದ ಬಳಿಕ ಜಪಾನು ಜರ್ಮನ್ ವೈದ್ಯಪದ್ಧತಿಯನ್ನು ತನ್ನ ಮಾದರಿಯಾಗಿ ಒಪ್ಪಿಕೊಂಡಿತ್ತು. ಆ ದಾರಿಯಲ್ಲಿಯೇ ನ್ಯೂರಸ್ತೀನಿಯಾ ಅಲ್ಲಿಗೂ ಬಂದು ಶಿಂಕೇ ಸುಯ್‌ಜಾಕು, ಅಂದರೆ ನರಗಳ ಬಲಗೇಡು, ಎಂಬ ಹೆಸರಿನಿಂದ 20ನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಮನೆಮಾತಾಯಿತು. ಪರೀಕ್ಷೆಗಳ ಏಣಿಯನ್ನು ಹತ್ತಿ ಸರ್ಕಾರಿ ಹುದ್ದೆಗೆ ಸೇರಬೇಕಾಗಿದ್ದ ವಿದ್ಯಾರ್ಥಿಗಳು, ಶಿಕ್ಷಕರು, ಗುಮಾಸ್ತರು, ಲೇಖಕರು ತಮ್ಮ ಕಳವಳಕ್ಕೆ ಈ ಹೆಸರನ್ನು ಕೊಟ್ಟುಕೊಂಡರು. ಕಾದಂಬರಿಕಾರ ನತ್ಸುಮೆ ಸೊಸೆಕಿ ಲಂಡನ್ನಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಬಿದ್ದ ಮಾನಸಿಕ ಪಾಡನ್ನೂ ಇದೇ ಹೆಸರಿನಿಂದ ಕರೆಯಲಾಗಿದೆ. ಬದುಕಿನ ಅರ್ಥವೇನೆಂದು ಕೊರಗುವ ತರುಣರ ವಿಷಯವಾಗಿ 1903ರಿಂದ ಮುಂದೆ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆದು, ಹಮ್ಮೊನ್, ಅಂದರೆ ಒಳಗೊಳಗೇ ಬೇಯುವ ತಳಮಳ, ಎಂಬ ಪದವು ಒಂದು ಪೀಳಿಗೆಗೇ ಅಂಟಿಕೊಂಡಿತು. ಔಷಧ ವ್ಯಾಪಾರಿಗಳು ಈ ಭಯವನ್ನು ಬಳಸಿಕೊಂಡು ಬಲವರ್ಧಕಗಳನ್ನು ಮಾರಿದರು. ಕೆಲಸ ಬಿಟ್ಟು, ಓದು ಬಿಟ್ಟು, ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಿ ವಿಶ್ರಮಿಸಿರೆಂದು ವೈದ್ಯರು ಹೇಳುತ್ತಿದ್ದರು. ವಿಶ್ರಾಂತಿಗೆಂದು ಹೋದ ಚಿಂತೆಯ ಮನುಷ್ಯನಿಗೆ ಅಲ್ಲಿ ತನ್ನ ಚಿಂತೆಯ ಹೊರತು ಬೇರಾವ ಉದ್ಯೋಗವೂ ಇರುತ್ತಿರಲಿಲ್ಲವೆಂಬುದನ್ನು ಆ ಕಾಲದ ವೈದ್ಯಲೋಕ ಗಮನಿಸದೆ ಹೋದದ್ದು ವಿಷಾದದ ಸಂಗತಿ.

ಇದನ್ನು ಗಮನಿಸಿದ ಮೊರಿತಾ ಸ್ವತಃ ಇಂಥ ರೋಗಿಯಾಗಿದ್ದವರು. ಷಿಕೊಕು ದ್ವೀಪದ ಕೊಚಿ ಪ್ರಾಂತದ ಹಳ್ಳಿಯೊಂದರಲ್ಲಿ 1874ರ ಜನವರಿಯಲ್ಲಿ ಹುಟ್ಟಿದ ಅವರಿಗೆ, ಶಿಕ್ಷಕರಾಗಿದ್ದ ತಂದೆ ಎಳವೆಯಲ್ಲಿಯೇ ಚೀನೀ ಗ್ರಂಥಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು; ಪಾಠ ಒಪ್ಪಿಸದಿದ್ದರೆ ಮಲಗಲು ಬಿಡದ ಆ ಶಿಸ್ತಿನಿಂದ ಹುಡುಗನಿಗೆ ಶಾಲೆಯೆಂದರೆ ಹೇಸಿಗೆ ಹುಟ್ಟಿತು. ಒಂಬತ್ತು ಹತ್ತರ ವಯಸ್ಸಿನಲ್ಲಿ ಊರಿನ ಬೌದ್ಧ ದೇವಾಲಯದಲ್ಲಿ ನರಕದ ಚಿತ್ರಗಳನ್ನು ಕಂಡು, ರಕ್ತದ ಮಡುವು, ಸೂಜಿಯ ಬೆಟ್ಟಗಳ ನಡುವೆ ನರಳುವ ಸತ್ತವರ ಆ ರೂಪಗಳು ಕಣ್ಣಿಗೆ ಕಟ್ಟಿ, ಸಾವಿನ ಭಯ ಬಹುಕಾಲ ಅವರನ್ನು ಬಿಡಲಿಲ್ಲ. ಮಾಧ್ಯಮಿಕ ಶಾಲೆಯ ಐದು ವರ್ಷದ ಓದು ಅನಾರೋಗ್ಯ, ಎದೆಬಡಿತ, ತಂದೆಯೊಡನೆ ಮನಸ್ತಾಪಗಳ ಕಾರಣದಿಂದ ಎಂಟು ವರ್ಷಕ್ಕೆ ಬೆಳೆಯಿತು. ಆಮೇಲೆ ಕುಮಾಮೊತೊ ನಗರದ ಐದನೆಯ ಉನ್ನತ ಶಾಲೆಯನ್ನು ಸೇರಿ, ಅಲ್ಲಿಂದ 1898ರಲ್ಲಿ ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದ ವೈದ್ಯಶಾಲೆಗೆ ಹೋದರು.

ವೈದ್ಯ ವಿದ್ಯಾರ್ಥಿಯಾಗಿದ್ದಾಗ ನಡೆದ ಒಂದು ಘಟನೆಯನ್ನು ಮೊರಿತಾ ಮುಂದೆ ಪದೇ ಪದೇ ಬರೆದರು, ಹೇಳಿದರು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರಗಳ ಬಲಗೇಡು ಮತ್ತು ಬೆರಿಬೆರಿ ಎಂಬ ತೀರ್ಮಾನ ಪಡೆದು ಅವರು ಔಷಧ ಸೇವಿಸುತ್ತಿದ್ದರು; ಪರೀಕ್ಷೆ ಹತ್ತಿರವಾಗುತ್ತಿತ್ತು; ಊರಿನಿಂದ ಬರಬೇಕಾದ ಹಣ ಬರಲಿಲ್ಲ. ತಂದೆಯೇ ತನ್ನನ್ನು ಕೈಬಿಟ್ಟರೆಂದು ನೊಂದು, ಸತ್ತರೆ ಸಾಯಲಿ ಎಂಬ ಹತಾಶೆಯ ಕೋಪದಲ್ಲಿ ಔಷಧವನ್ನು ಬಿಟ್ಟು, ಹಗಲಿರುಳೆನ್ನದೆ ಓದಿಗೆ ಕೂತರು. ಪರೀಕ್ಷೆಯಲ್ಲಿ ಎಣಿಸಿದ್ದಕ್ಕಿಂತ ಉತ್ತಮ ಸ್ಥಾನ ಬಂತು; ಅಷ್ಟೇ ಅಲ್ಲ, ಓದಿನ ನಡುವೆ ಆ ಎದೆಬಡಿತವೂ ತಲೆಭಾರವೂ ಯಾವಾಗ ಇಲ್ಲವಾದವೆಂಬುದು ಅವರ ಅರಿವಿಗೇ ಬಂದಿರಲಿಲ್ಲ. ನರಶಕ್ತಿ ಬರಿದಾಗಿ ರೋಗ ಬಂದಿದ್ದರೆ, ಅದನ್ನು ಇನ್ನಷ್ಟು ವೆಚ್ಚ ಮಾಡಿದಾಗ ರೋಗ ಹೆಚ್ಚಬೇಕಿತ್ತೇ ಹೊರತು ಕಳೆಯಬಾರದಿತ್ತು. ಹಣ ಬರದಿದ್ದುದಕ್ಕೆ ಕಾರಣ ಹಳ್ಳಿಮನೆಯ ಒಕ್ಕಲುತನದ ಗಡಿಬಿಡಿಯೇ ಹೊರತು ತಂದೆಯ ಅನಾದರವಲ್ಲವೆಂಬುದೂ ಆಮೇಲೆ ತಿಳಿಯಿತು. ಒಬ್ಬನ ಅನುಭವದಿಂದ ಶಾಸ್ತ್ರ ಕಟ್ಟಲಾಗದೆಂಬುದು ನಿಜವಾದರೂ, ಬಿಯರ್ಡ್ ಕಲ್ಪನೆಯ ಬಗ್ಗೆ ಮೊರಿತಾ ಅವರಲ್ಲಿ ಹುಟ್ಟಿದ ಸಂಶಯದ ಮೊಳಕೆ ಇಲ್ಲಿದೆ.

ಪದವಿ ಪಡೆದ ಮೇಲೆ ಅವರು ಕುರೆ ಷೂಜೊ ಅವರ ಶಿಷ್ಯರಾದರು. ಯೂರೋಪಿನಲ್ಲಿ ಓದಿ 1901ರಲ್ಲಿ ಹಿಂದಿರುಗಿದ ಕುರೆ ಅವರು ಟೋಕಿಯೋದ ಸುಗಾಮೊ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಕೈಕಾಲಿನ ಬೇಡಿಗಳನ್ನು ತೆಗೆಸಿ, ಅವರಿಗೆ ತೋಟದ ಕೆಲಸ, ಕೈಕೆಲಸಗಳನ್ನು ಕೊಡಿಸಿದ ಸುಧಾರಕರು. ಕೆಲಸವು ಮನಸ್ಸಿಗೆ ಮದ್ದಾಗಬಲ್ಲದೆಂಬುದನ್ನು ಮೊರಿತಾ ಮೊದಲು ಕಂಡದ್ದು ಅಲ್ಲಿ. ತಮ್ಮ ಹುಟ್ಟೂರಿನ ಸೀಮೆಯಲ್ಲಿ ಜನರನ್ನು ಕಾಡುತ್ತಿದ್ದ ಇನುಗಾಮಿ, ಅಂದರೆ ನಾಯಿದೆವ್ವ ಹಿಡಿಯುವುದೆಂಬ ನಂಬಿಕೆಯನ್ನು 1903ರಲ್ಲಿ ಸ್ಥಳದಲ್ಲಿಯೇ ಅಧ್ಯಯನ ಮಾಡಿದ್ದರಿಂದ, ಮನುಷ್ಯ ತಾನು ಏನನ್ನು ನಿರೀಕ್ಷಿಸುತ್ತಾನೋ ಅದನ್ನೇ ಮೈಯಲ್ಲಿ ಅನುಭವಿಸುವ ಬಗೆಯೂ ಅವರಿಗೆ ಪರಿಚಿತವಾಯಿತು. ಆದರೆ ಚಿಂತೆಯ ರೋಗಿಗಳ ವಿಷಯದಲ್ಲಿ ಅವರು ಹಿಡಿದದ್ದೆಲ್ಲ ಕೈ ಜಾರುತ್ತಿತ್ತು. ಸಮ್ಮೋಹನ ವಿದ್ಯೆಯನ್ನು ಕಲಿತು ಪ್ರಯೋಗಿಸಿದರು. ಅದರ ಗುಣ ಕೆಲವು ದಿನ ನಿಂತು ಹೋಯಿತು. ಮಿಚೆಲ್ ಅವರ ವಿಶ್ರಾಂತಿ ಚಿಕಿತ್ಸೆಯನ್ನೂ, ಏಳುವ, ಉಣ್ಣುವ, ನಡೆಯುವ ವೇಳೆಗಳನ್ನೆಲ್ಲ ಗಡಿಯಾರಕ್ಕೆ ಕಟ್ಟುವ ಜರ್ಮನಿಯ ಬಿನ್ಸ್‌ವಾಂಗರ್ ಅವರ ಕ್ರಮವನ್ನೂ, ಭಯ ನಿರಾಧಾರವೆಂದು ರೋಗಿಗೆ ತರ್ಕದಿಂದ ಮನಗಾಣಿಸುವ ಸ್ವಿಸ್ ವೈದ್ಯ ಪಾಲ್ ದ್ಯುಬ್ವಾ ಅವರ ಕ್ರಮವನ್ನೂ ಒಂದೊಂದಾಗಿ ಪರೀಕ್ಷಿಸಿದರು. ತರ್ಕದ ಸೋಲು ಇವುಗಳಲ್ಲೆಲ್ಲ ಹೆಚ್ಚು ಪಾಠ ಕಲಿಸಿತು. ತನ್ನ ಭಯ ಅರ್ಥವಿಲ್ಲದ್ದೆಂಬುದು ಗೀಳಿನ ರೋಗಿಗೆ ಮೊದಲೇ ಗೊತ್ತಿರುತ್ತದೆ. ವೈದ್ಯನ ವಾದಕ್ಕೆ ಅವನು ತಲೆದೂಗುತ್ತಾನೆ, ಮನೆ ಸೇರುವಷ್ಟರಲ್ಲಿ ಆ ವಾದಕ್ಕೊಂದು ಪ್ರತಿವಾದ ಹೂಡಿ ಹೊಸ ಚಿಂತೆಯನ್ನು ಆರಂಭಿಸುತ್ತಾನೆ.

ದಾರಿ ತೆರೆದದ್ದು 1919ರಲ್ಲಿ. ಸುಗಾಮೊ ಆಸ್ಪತ್ರೆಯ ದಾದಿಯೊಬ್ಬರು ಬಹುಕಾಲದಿಂದ ನರಗಳ ಬಲಗೇಡಿನಿಂದ ಬಳಲುತ್ತಿದ್ದುದನ್ನು ಕಂಡು ಮೊರಿತಾ ಆಕೆಯನ್ನು ತಮ್ಮ ಮನೆಗೇ ಕರೆದು ಇರಿಸಿಕೊಂಡರು. ಮನೆಯವರೊಡನೆ ಉಂಡು, ಮನೆಗೆಲಸದಲ್ಲಿ ಕೈಯಾಡಿಸುತ್ತ ಇದ್ದ ಆಕೆ ಸುಮಾರು ಒಂದು ತಿಂಗಳಲ್ಲಿ ಚೇತರಿಸಿಕೊಂಡರು. ಆ ವರ್ಷವೇ ಮೊರಿತಾ ಬೇರೆ ರೋಗಿಗಳನ್ನೂ ಮನೆಗೆ ಸೇರಿಸಿಕೊಳ್ಳತೊಡಗಿದರು, ಮತ್ತು ಗುರುತಿಸಿ ಹೇಳಬಹುದಾದ ಒಂದು ಪದ್ಧತಿ ಅಲ್ಲಿಂದ ಮುಂದೆ ರೂಪ ತಳೆಯಿತು. ಅದನ್ನು ಅವರು 1921ರಲ್ಲಿಯೂ, ಹೆಚ್ಚು ವಿಸ್ತಾರವಾಗಿ 1928ರಲ್ಲಿಯೂ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಅವರ ವಿವರಣೆಯಲ್ಲಿ ನರಗಳ ಬಲಗೇಡಿಗೆ ಜಾಗವೇ ಇಲ್ಲ. ರೋಗಿಗಳಿಗೆ ಅವರು ಶಿಂಕೇಶಿತ್ಸು, ಅಂದರೆ ನರಸ್ವಭಾವದವರು, ಎಂಬ ಹೆಸರು ಕೊಟ್ಟರು. ಇದು ಶಕ್ತಿ ಕುಂದಿದವರ ಗುಂಪಾಗಿರದೆ, ತಮ್ಮನ್ನು ತಾವು ಎಡೆಬಿಡದೆ ಗಮನಿಸಿಕೊಳ್ಳುವ, ಕೊರತೆಯನ್ನು ಸಹಿಸದ, ಉತ್ತಮವಾಗಿ ಬಾಳಬೇಕೆಂಬ ತೀವ್ರ ಹಂಬಲವುಳ್ಳವರ ಗುಂಪು. ಈ ಹಂಬಲಕ್ಕೆ ಅವರು ಸೇ ನೊ ಯೊಕುಬೊ, ಅಂದರೆ ಬಾಳಿನ ಆಸೆ, ಎಂದರು. ಸಾವಿನ ಭಯ ಅದರದೇ ಇನ್ನೊಂದು ಮುಖ. ಇಂಥವನಿಗೆ ಒಂದು ದಿನ ಎದೆ ಬಡಿದುಕೊಂಡಿತೆನ್ನೋಣ. ಯಾರಿಗಾದರೂ ಆಗುವ ಆ ಸಂಗತಿಯನ್ನು ಅವನು ಅಪಾಯವೆಂದು ಬಗೆದು ಅದರ ಮೇಲೆ ಗಮನವಿಡುತ್ತಾನೆ, ಗಮನವಿಟ್ಟದ್ದರಿಂದ ಬಡಿತದ ಅನುಭವ ಹರಿತವಾಗುತ್ತದೆ, ಹರಿತವಾದ ಅನುಭವ ಗಮನವನ್ನು ಇನ್ನಷ್ಟು ಸೆಳೆಯುತ್ತದೆ. ಹೀಗೆ ಒಂದನ್ನೊಂದು ಬೆಳೆಸುವ ಸುತ್ತನ್ನು ಮೊರಿತಾ ಮನಸ್ಸಿನ ಪರಸ್ಪರ ಕ್ರಿಯೆಯೆಂದು ಕರೆದರು. ಇದರ ಮೇಲೆ ಇನ್ನೊಂದು ತಪ್ಪು ಕೂಡುತ್ತದೆ: ಎದೆ ಬಡಿಯಲೇಬಾರದು, ಸಭೆಯಲ್ಲಿ ಮುಖ ಕೆಂಪೇರಲೇಬಾರದು, ಕೆಟ್ಟ ಯೋಚನೆ ಬರಲೇಬಾರದು ಎಂದು ಮನುಷ್ಯ ಹೇಗಿರಬೇಕೆಂಬುದರ ಒಂದು ಚಿತ್ರವನ್ನು ಮುಂದಿಟ್ಟುಕೊಂಡು, ಇರುವ ತನ್ನನ್ನು ಆ ಚಿತ್ರಕ್ಕೆ ಎಳೆದು ಸರಿಮಾಡಲು ಹೆಣಗುವುದು. ಈ ಹೆಣಗಾಟದಲ್ಲಿ ಸಿಲುಕಿದ ಸ್ಥಿತಿಗೆ ತೊರವಾರೆ, ಅಂದರೆ ಸೆರೆ, ಎಂದು ಹೆಸರು. ಅದು ಬಿಟ್ಟಾಗ ಬರುವ ಸ್ಥಿತಿ ಅರುಗಮಾಮ, ಅಂದರೆ ಇದ್ದುದು ಇದ್ದ ಹಾಗೆ.

ಅರುಗಮಾಮವನ್ನು ಕೈಕಟ್ಟಿ ಕೂರುವ ಶರಣಾಗತಿಯೆಂದು ತಿಳಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮೊರಿತಾ ಅವರ ಬರವಣಿಗೆ ಈ ತಪ್ಪಿಗೆ ಎಡೆಗೊಡುವುದಿಲ್ಲ. ಭಾವನೆಗಳು ಮಳೆ ಬಿಸಿಲುಗಳ ಹಾಗೆ ಮನುಷ್ಯನ ಇಚ್ಛೆಗೆ ಒಳಪಡದವು, ಬಂದದ್ದನ್ನು ಬಂದ ಹಾಗೆ ಬಿಟ್ಟರೆ ಅವು ಏರಿ, ತುದಿ ಮುಟ್ಟಿ, ತಾವಾಗಿ ಇಳಿಯುತ್ತವೆ. ಕೈಕಾಲುಗಳು ಮಾತ್ರ ಇಚ್ಛೆಗೆ ಒಳಪಡುತ್ತವೆ, ಆದ್ದರಿಂದ ಹೆದರಿಕೆಯನ್ನು ಹೆದರಿಕೆಯಾಗಿಯೇ ಇರಗೊಟ್ಟು, ಆ ಕ್ಷಣಕ್ಕೆ ಆಗಬೇಕಾದ ಕೆಲಸವನ್ನು ಕೈಗೆತ್ತಿಕೊಳ್ಳಬೇಕು ಎಂಬುದು ಅವರ ಬೋಧೆ. ಚಿಂತೆಯ ರೋಗಿಗೆ ಇದನ್ನು ಮಾತಿನಲ್ಲಿ ಹೇಳಿದರೆ ಅವನು ಅದನ್ನೂ ಚಿಂತೆಯ ವಸ್ತುವನ್ನಾಗಿ ಮಾಡಿಕೊಂಡು, ತನಗೆ ಅರುಗಮಾಮ ಸಿದ್ಧಿಸಿತೇ ಇಲ್ಲವೇ ಎಂದು ಅಳೆಯುತ್ತ ಕೂರುತ್ತಾನೆ. ಆ ಕಾರಣದಿಂದಲೇ ಮನೆ ಬೇಕಾಯಿತು.

ಮನೆಯಲ್ಲಿನ ವಾಸವನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಲಾಗಿತ್ತು, ಒಟ್ಟು ಅವಧಿ ಸಾಮಾನ್ಯವಾಗಿ 40 ದಿನಗಳ ಆಸುಪಾಸು. ಮೊದಲನೆಯದು ಹಾಸಿಗೆಯ ಘಟ್ಟ. ಬಂದ ರೋಗಿಯನ್ನು ಒಂದು ಕೋಣೆಯಲ್ಲಿ ಒಂಟಿಯಾಗಿ ಮಲಗಿಸಿ, ನಾಲ್ಕರಿಂದ ಏಳು ದಿನಗಳ ಕಾಲ ಊಟ ಮತ್ತು ಶೌಚದ ಹೊರತು ಏಳಲು ಬಿಡುತ್ತಿರಲಿಲ್ಲ. ಓದು, ಬರಹ, ಮಾತು, ಧೂಮಪಾನ, ಭೇಟಿಗಾರರು ಎಲ್ಲವೂ ನಿಷಿದ್ಧ. ಹೊರನೋಟಕ್ಕೆ ಇದು ಮಿಚೆಲ್ ಅವರ ವಿಶ್ರಾಂತಿ ಚಿಕಿತ್ಸೆಯನ್ನೇ ಹೋಲುತ್ತದೆ, ಆದರೆ ಉದ್ದೇಶ ತೀರ ಬೇರೆ. ಇಲ್ಲಿ ಮನಸ್ಸನ್ನು ತಣಿಸುವ ಪ್ರಯತ್ನವಿಲ್ಲ. ಯೋಚನೆಗಳು ಬಂದರೆ ಬರಲಿ, ಅವುಗಳನ್ನು ಅಟ್ಟಬೇಡ, ಬೇರೆ ಕಡೆಗೆ ಮನಸ್ಸು ತಿರುಗಿಸಬೇಡ, ಚಿಂತಿಸುವುದೇ ನಿನ್ನ ಕೆಲಸವೆಂದು ತಿಳಿದು ಮನಸಾರೆ ಚಿಂತಿಸು ಎಂದು ಹೇಳಲಾಗುತ್ತಿತ್ತು. ಓಡಿಹೋಗಲು ಬಾಗಿಲೇ ಇಲ್ಲದ ಆ ಸ್ಥಿತಿಯಲ್ಲಿ ಎರಡನೆಯ ಮೂರನೆಯ ದಿನ ತಳಮಳ ಉಕ್ಕೇರುತ್ತಿತ್ತು. ತಡೆಯುವ ಶ್ರಮವನ್ನು ರೋಗಿ ಸಾಕಾಗಿ ಬಿಟ್ಟುಬಿಟ್ಟ ಗಳಿಗೆಯಲ್ಲಿ ಅದು, ಯಾರೂ ಏನನ್ನೂ ಮಾಡದೆಯೇ, ಇಳಿಯುತ್ತಿತ್ತು. ಇದನ್ನು ಒಮ್ಮೆ ಮೈಯಾರೆ ಕಂಡವನಿಗೆ ಭಾವನೆಗಳ ಏರಿಳಿತದ ಪಾಠವನ್ನು ಮತ್ತೆ ಹೇಳಬೇಕಾಗಿರಲಿಲ್ಲ. ಆ ಬಳಿಕ ಬರುತ್ತಿದ್ದುದು ಬೇಸರ. ಸುಮ್ಮನೆ ಮಲಗಿರುವುದು ಸಾಕೆನ್ನಿಸಿ, ಏನನ್ನಾದರೂ ಮಾಡಬೇಕೆಂಬ ಆಸೆ ತಾನಾಗಿ ಚಿಗುರುವುದನ್ನು ಮೊರಿತಾ ಕಾಯುತ್ತಿದ್ದರು. ಬಾಳಿನ ಆಸೆ ಭಯದ ಕಡೆಯಿಂದ ಕೆಲಸದ ಕಡೆಗೆ ಹೊರಳಿದ ಗುರುತು ಅದು.

ಎರಡನೆಯ ಘಟ್ಟದಲ್ಲಿ ರೋಗಿ ಹಗಲೆಲ್ಲ ಕೋಣೆಯ ಹೊರಗೆ ಇರಬೇಕು, ಆದರೆ ದೊಡ್ಡ ಕೆಲಸ ಮಾಡುವಂತಿಲ್ಲ, ಹರಟುವಂತಿಲ್ಲ. ಹಿತ್ತಿಲಲ್ಲಿ ಎಲೆ ಆರಿಸುವುದು, ಗಿಡದ ಒಣಗಿದ ಕಡ್ಡಿ ಕೀಳುವುದು, ಇರುವೆಗಳ ಓಡಾಟ ನೋಡುವುದು, ಹೀಗೆ ಕಣ್ಣಿಗೆ ಬಿದ್ದದ್ದು ಕೈಗೆ ಬರುತ್ತಿತ್ತು. ಏನು ಮಾಡಬೇಕೆಂದು ಯಾರೂ ಪಟ್ಟಿ ಕೊಡುತ್ತಿರಲಿಲ್ಲ. ಮೂರನೆಯ ಘಟ್ಟದಲ್ಲಿ ಸೌದೆ ಸೀಳುವುದು, ಮರ ಕೊಯ್ಯುವುದು, ನೆಲ ಅಗೆಯುವುದು, ನೀರು ಸೇದುವುದು, ಸ್ನಾನದ ನೀರು ಕಾಯಿಸುವುದು, ಅಡುಗೆಗೆ ನೆರವಾಗುವುದು ಮುಂತಾದ ಬೆವರಿನ ಕೆಲಸಗಳು ಬರುತ್ತಿದ್ದವು. ಮನೆಯಲ್ಲಿ ಸಾಕಿದ ಕೋಳಿ, ಮೊಲಗಳಿಗಾಗಿ ತರಕಾರಿ ಸಂತೆಯಲ್ಲಿ ಬಿಸಾಡಿದ ಸೊಪ್ಪನ್ನು ಆಯ್ದು ತರುವ ಕೆಲಸವೂ ರೋಗಿಗಳದೇ. ನಾಲ್ಕು ಜನ ನೋಡುತ್ತಾರೆಂಬ ಭಯದಿಂದ ಬೀದಿಗೆ ಇಳಿಯಲಾರದಿದ್ದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ನೆಲಕ್ಕೆ ಬಾಗಿ ಸೊಪ್ಪು ಆಯುವ ಈ ಕೆಲಸ ಎಷ್ಟು ದೊಡ್ಡ ಪರೀಕ್ಷೆಯಾಗಿತ್ತೆಂಬುದನ್ನು ಊಹಿಸಬಹುದು. ನಾಲ್ಕನೆಯ ಘಟ್ಟದಲ್ಲಿ ಪೇಟೆಯ ಕೆಲಸಕ್ಕೆ ಹೋಗಿಬರುವುದು, ಅಗತ್ಯದ ಪುಸ್ತಕಗಳನ್ನು ಓದುವುದು, ಕೊನೆಗೆ ತನ್ನ ಶಾಲೆಗೋ ಉದ್ಯೋಗಕ್ಕೋ ಮರಳುವ ಸಿದ್ಧತೆ. ಎಲ್ಲ ಘಟ್ಟಗಳಲ್ಲಿಯೂ ಒಂದು ನಿಯಮ ಬಿಗಿಯಾಗಿತ್ತು: ರೋಗಲಕ್ಷಣದ ಬಗ್ಗೆ ದೂರಿದರೆ ಉತ್ತರ ಸಿಗುತ್ತಿರಲಿಲ್ಲ. ಇದಕ್ಕೆ ಫುಮೊನ್, ಅಂದರೆ ಪ್ರಶ್ನಿಸದಿರುವುದು, ಎಂಬ ಹೆಸರಿದೆ. ಇದನ್ನು ನಿರ್ದಯವೆಂದು ಕರೆಯುವುದು ಸರಿಯಾಗದು. ಲಕ್ಷಣದ ಮಾತಿಗೆ ಕಿವಿ ಮುಚ್ಚಿದ ವೈದ್ಯರು ಅದೇ ಮನುಷ್ಯನ ಕೈಕೆಲಸವನ್ನು ಹತ್ತಿರ ನಿಂತು ನೋಡುತ್ತಿದ್ದರು, ತಿದ್ದುತ್ತಿದ್ದರು, ಅವನೊಡನೆ ಒಂದೇ ಸೂರಿನಡಿ ಬಾಳುತ್ತಿದ್ದರು.

ಹೇಳಬೇಕಾದದ್ದಕ್ಕೆ ದಿನಚರಿ ಪುಸ್ತಕವಿತ್ತು. ಎರಡನೆಯ ಘಟ್ಟದಿಂದ ಪ್ರತಿಯೊಬ್ಬರೂ ಸಂಜೆ ಆ ದಿನದ ದಿನಚರಿ ಬರೆದು ಒಪ್ಪಿಸಬೇಕಿತ್ತು, ಮೊರಿತಾ ಅದನ್ನು ಓದಿ ಕೆಂಪು ಶಾಯಿಯಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸುತ್ತಿದ್ದರು. ಈ ದಿನಚರಿಗಳಲ್ಲಿ ಕೆಲವನ್ನು ಅವರು ತಮ್ಮ ಗ್ರಂಥಗಳಲ್ಲಿ ಅಚ್ಚು ಹಾಕಿಸಿರುವುದರಿಂದ ಮನೆಯ ಬದುಕು ಇಂದಿಗೂ ಓದುಗರಿಗೆ ಲಭ್ಯವಾಗಿದೆ, ಮತ್ತು ವೈದ್ಯಚರಿತ್ರೆಯಲ್ಲಿ ರೋಗಿಗಳ ಮಾತು ಹೀಗೆ ವೈದ್ಯರ ಮಾತಿನ ಪಕ್ಕದಲ್ಲಿಯೇ ಉಳಿದು ಬರುವುದು ಅಪರೂಪ. ಮನೆಯ ಆಡಳಿತವನ್ನು ನಡೆಸುತ್ತಿದ್ದವರು ಮೊರಿತಾ ಅವರ ಪತ್ನಿ ಹಿಸಾಯ್. ಅಡುಗೆಮನೆಯಲ್ಲಿ, ಒಗೆತದಲ್ಲಿ, ಗುಡಿಸುವುದರಲ್ಲಿ ರೋಗಿಗಳಿಗೆ ದಾರಿ ತೋರುತ್ತಿದ್ದವರು ಅವರೇ; ವೈದ್ಯರು ಕಾಲೇಜಿಗೂ ಆಸ್ಪತ್ರೆಗೂ ಹೋದ ಹೊತ್ತಿನಲ್ಲಿ ಚಿಕಿತ್ಸೆ ಅವರ ಕೈಯಲ್ಲಿರುತ್ತಿತ್ತು. ಚಿಕಿತ್ಸೆಗೆ ಮೊರಿತಾ ಹೆಸರು ನಿಂತಿತು, ಅದು ಇಬ್ಬರ ಹೆಸರೂ ಆಗಬೇಕಿತ್ತು.

ಪ್ರತಿಯೊಬ್ಬರೂ ಮನೆಯಲ್ಲಿ ತಂಗುತ್ತಿರಲಿಲ್ಲ. ಒಂದೇ ಭೇಟಿಯಲ್ಲಿ ದಾರಿ ಸಿಕ್ಕವರೂ ಇದ್ದರು. ರಾತ್ರಿಯ ಹೊತ್ತು ಎದೆಬಡಿತದ ಆಘಾತಕ್ಕೆ ಗುರಿಯಾಗುತ್ತಿದ್ದ ಒಬ್ಬನಿಗೆ ಮೊರಿತಾ, ಆಘಾತ ಬರುವ ಭಂಗಿಯಲ್ಲಿಯೇ ಮಲಗಿ, ಅದನ್ನು ಬೇಕೆಂದೇ ಬರಮಾಡಿಕೊಂಡು, ಆದಿಯಿಂದ ಅಂತ್ಯದವರೆಗೆ ಹೇಗೆ ನಡೆಯುತ್ತದೆಂದು ಗಮನಿಸಿ ಬಂದು ಹೇಳಲು ಸೂಚಿಸಿದರು. ಎಷ್ಟು ಪ್ರಯತ್ನಿಸಿದರೂ ಆಘಾತ ಬರಲಿಲ್ಲ. ವಿಯೆನ್ನಾದ ವಿಕ್ಟರ್ ಫ್ರಾಂಕಲ್ ಮುಂದೆ ಇಂಥದೇ ಉಪಾಯವನ್ನು ವಿರೋಧಾಭಾಸದ ಸಂಕಲ್ಪವೆಂಬ ಹೆಸರಿನಿಂದ ಪ್ರಸಿದ್ಧಿಗೆ ತಂದರು. ಪುರೋಹಿತ ಮತ್ತು ಅವನ ಶಿಷ್ಯರನ್ನು ಕುರಿತ ನಾಟಕದಿಂದ ಹೆಸರಾಗಿದ್ದ ಲೇಖಕ ಕುರಾತಾ ಹ್ಯಾಕುಜೊ ಅವರೂ ಗೀಳಿನ ಯೋಚನೆಗಳಿಂದ ನಲುಗಿ ಮೊರಿತಾ ಅವರ ಬಳಿಗೆ ಬಂದವರು. ನೋವಿದ್ದ ಹಾಗೆಯೇ ಬರೆಯಬೇಕೆಂಬುದು ಅವರಿಗೆ ದೊರೆತ ಸಲಹೆ.

ಈ ಚಿಕಿತ್ಸೆ ಝೆನ್ ಮತದಿಂದ ಬಂದದ್ದೆಂದು ಹೊರದೇಶದ ಬರಹಗಾರರು ಮತ್ತೆ ಮತ್ತೆ ಹೇಳಿದ್ದಾರೆ. ಮೊರಿತಾ ಕೆಲಕಾಲ ಝೆನ್ ಗುರುವೊಬ್ಬರ ಬಳಿ ಧ್ಯಾನಕ್ಕೆ ಕೂತದ್ದೂ, ಕೊಟ್ಟ ಒಗಟನ್ನು ಬಿಡಿಸಲಾಗದೆ ಹಿಂದಿರುಗಿದ್ದೂ ನಿಜ. ಗೂಟಕ್ಕೆ ಕಟ್ಟಿದ ಕತ್ತೆ ಬಿಡಿಸಿಕೊಳ್ಳಲೆಂದು ಸುತ್ತಿ ಸುತ್ತಿ ತನ್ನನ್ನೇ ಗೂಟಕ್ಕೆ ಬಿಗಿದುಕೊಳ್ಳುತ್ತದೆಂಬ ಝೆನ್ ಪರಂಪರೆಯ ಉಪಮೆಯನ್ನು ಅವರು ಚಿಂತೆಯ ರೋಗಿಯ ಪಾಡನ್ನು ವಿವರಿಸಲು ಬಳಸಿದ್ದೂ ನಿಜ. ಆದರೆ ತಮ್ಮ ಕ್ರಮವು ರೋಗಿಗಳನ್ನು ನೋಡಿದ್ದರಿಂದ ಬಂದದ್ದು, ಝೆನ್ ಮಾತುಗಳು ಆ ಬಳಿಕ ವಿವರಣೆಗೆ ಒದಗಿದವು ಎಂದು ಅವರೇ ಸ್ಪಷ್ಟಪಡಿಸಿದರು, ಮತ್ತು ಅದನ್ನು ನಂಬದಿರಲು ಕಾರಣವಿಲ್ಲ. ಸಂತೆಯ ಸೊಪ್ಪು, ಕೆಂಪು ಶಾಯಿ, ಸೌದೆಯ ರಾಶಿಗಳನ್ನು ಮರೆತು ಪೂರ್ವದೇಶದ ಧ್ಯಾನದ ಹೊಗೆಯಲ್ಲಿ ಈ ಚಿಕಿತ್ಸೆಯನ್ನು ನೋಡಿದರೆ ಅದರ ವೈದ್ಯಕೀಯ ಶ್ರಮಕ್ಕೆ ಅನ್ಯಾಯವಾಗುತ್ತದೆ.

ಸ್ವದೇಶದಲ್ಲಿ ಅವರಿಗೆ ವಿರೋಧ ಬಂದದ್ದು ಬೇರೆ ದಿಕ್ಕಿನಿಂದ. ಸೆಂದಾಯ್ ನಗರದ ತೊಹೊಕು ವಿಶ್ವವಿದ್ಯಾಲಯದ ಮಾರುಯಿ ಕಿಯೊಯಾಸು ಅವರು ಫ್ರಾಯ್ಡ್ ಮಾರ್ಗದ ಮನೋವಿಶ್ಲೇಷಣೆಯನ್ನು ಜಪಾನಿನಲ್ಲಿ ಸ್ಥಾಪಿಸಲು ಶ್ರಮಿಸುತ್ತಿದ್ದರು. ಮನೋವೈದ್ಯರ ವಾರ್ಷಿಕ ಸಭೆಗಳಲ್ಲಿ ಇವರಿಬ್ಬರ ವಾಗ್ವಾದ ಬಹು ಪ್ರಸಿದ್ಧವಾಗಿತ್ತು. ಚಿಂತೆಯ ಬೇರು ಬಾಲ್ಯದ ಮರೆತ ನೆನಪುಗಳಲ್ಲಿದೆ, ಅದನ್ನು ಅಗೆದು ತೆಗೆಯಬೇಕೆಂಬುದು ಒಂದು ಪಕ್ಷ. ಬೇರು ಎಲ್ಲಿಯೇ ಇರಲಿ, ಅಗೆಯುವ ಕೆಲಸವೇ ರೋಗಿಯ ಗಮನವನ್ನು ತನ್ನೊಳಕ್ಕೆ ತಿರುಗಿಸಿ ರೋಗವನ್ನು ಬೆಳೆಸುತ್ತದೆಂಬುದು ಇನ್ನೊಂದು. ಮೊರಿತಾ ಚಿಕಿತ್ಸೆಗೂ ಮಿತಿಗಳಿದ್ದವು. ಅದು ತೀವ್ರ ಮನೋರೋಗಿಗಳಿಗೆ ಒದಗುವುದಲ್ಲವೆಂದು ಅದರ ಕರ್ತೃವೇ ಹೇಳಿದ್ದರು. ಮನೆಗೆ ಬಂದವರಲ್ಲಿ ಓದು ಬಲ್ಲ, ಒಂದೂವರೆ ತಿಂಗಳು ಸಂಪಾದನೆ ಬಿಟ್ಟಿರಬಲ್ಲ ತರುಣರೇ ಹೆಚ್ಚು. ಹೊಟ್ಟೆಪಾಡಿಗಾಗಿ ಸೌದೆ ಸೀಳುವವನ ಚಿಂತೆಗೆ ಸೌದೆ ಸೀಳುವುದು ಹೇಗೆ ಮದ್ದಾದೀತೆಂಬ ಪ್ರಶ್ನೆಯನ್ನು ಆ ಮನೆ ಎದುರಿಸಬೇಕಾಗಿ ಬರಲಿಲ್ಲ.

ಮೊರಿತಾ 1925ರಲ್ಲಿ ಟೋಕಿಯೋದ ಜಿಕೇಕಾಯ್ ವೈದ್ಯಕೀಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಗುಣವಾಗಿ ಹೋದವರು 1929ರಿಂದ ಕೆಯ್‌ಗಾಯ್‌ಕಾಯ್ ಎಂಬ ಕೂಟ ಕಟ್ಟಿಕೊಂಡು ತಿಂಗಳಿಗೊಮ್ಮೆ ಅವರ ಮನೆಯಲ್ಲಿ ಸೇರುತ್ತಿದ್ದರು, ಮರುವರ್ಷದಿಂದ ಅವರದೇ ಒಂದು ಪತ್ರಿಕೆಯೂ ಹೊರಟಿತು. ಅದೇ 1930ರಲ್ಲಿ ಮೊರಿತಾ ಅವರ ಒಬ್ಬನೇ ಮಗ ತೀರಿಕೊಂಡ, 1935ರಲ್ಲಿ ಹಿಸಾಯ್ ತೀರಿಕೊಂಡರು. ಈ ಸಾವುಗಳಿಗೆ ಮೊರಿತಾ ಎಲ್ಲರೆದುರು ಬಿಕ್ಕಿ ಅತ್ತರೆಂದೂ, 1938ರ ಏಪ್ರಿಲಿನಲ್ಲಿ ತಮ್ಮ ಕೊನೆ ಬಂದಾಗಲೂ ಸಾವಿನ ಹೆದರಿಕೆಯನ್ನು ಮುಚ್ಚಿಡಲಿಲ್ಲವೆಂದೂ ಶಿಷ್ಯರು ದಾಖಲಿಸಿದ್ದಾರೆ. ಭಯವನ್ನು ಗೆದ್ದ ಗುರುವಿನ ಚಿತ್ರವನ್ನು ಬಯಸುವವರಿಗೆ ಇದು ನಿರಾಶೆ ತರಬಹುದು. ಅವರ ಬೋಧೆಯನ್ನು ಓದಿದವರಿಗೆ ಇದಕ್ಕಿಂತ ಪ್ರಾಮಾಣಿಕವಾದ ನಡತೆ ಕಾಣದು.

ಮನೆಯ ಕ್ರಮ ಆ ಮೊದಲೇ ಬೇರೆಡೆಗೆ ಹರಡಿತ್ತು. ಝೆನ್ ಸನ್ಯಾಸಿಯೂ ವೈದ್ಯರೂ ಆಗಿದ್ದ ಶಿಷ್ಯ ಉಸಾ ಗೆನ್ಯು 1922ರಲ್ಲಿ ಕ್ಯೋಟೋದ ತೊಫುಕುಜಿ ದೇವಾಲಯದ ಆವರಣದಲ್ಲಿ ಸಾನ್ಸೇ ಆಸ್ಪತ್ರೆಯನ್ನು ಆರಂಭಿಸಿದರು. ಟೋಕಿಯೋದಲ್ಲಿ ಉತ್ತರಾಧಿಕಾರಿಯಾದ ಕೊರಾ ತಾಕೆಹಿಸಾ 1940ರಲ್ಲಿ ತಮ್ಮದೇ ಚಿಕಿತ್ಸಾಲಯವನ್ನು ತೆರೆದು, ಜನರೆದುರು ತಾನು ಹೇಗೆ ಕಾಣುತ್ತೇನೋ ಎಂಬ ಭಯದ ಅಧ್ಯಯನವನ್ನು ಮುಂದುವರಿಸಿದರು. ಮನೋವಿಶ್ಲೇಷಕಿ ಕರೆನ್ ಹಾರ್ನೈ 1952ರಲ್ಲಿ ಜಪಾನಿಗೆ ಬಂದು ಈ ಚಿಕಿತ್ಸೆಯಲ್ಲಿ ಆಸಕ್ತಿ ತೋರಿದ ಮೇಲೆ ಪಶ್ಚಿಮದ ಗಮನವೂ ಇತ್ತ ಹರಿಯಿತು. ಬಿಳಿ ಕರಡಿಯನ್ನು ನೆನೆಯಬೇಡಿರೆಂದು ಹೇಳಿದಷ್ಟೂ ಅದು ನೆನಪಿಗೆ ಬರುತ್ತದೆಂಬುದನ್ನು 1987ರಲ್ಲಿ ಡೇನಿಯಲ್ ವೆಗ್ನರ್ ಪ್ರಯೋಗದಿಂದ ತೋರಿಸಿದರು. ಯೋಚನೆಗಳೊಡನೆ ಕಾದಾಡದೆ ಅವುಗಳನ್ನು ಒಪ್ಪಿ ನಡೆಯಬೇಕೆನ್ನುವ ಸ್ಟೀವನ್ ಹೇಯ್ಸ್ ಅವರ ಚಿಕಿತ್ಸಾಕ್ರಮವೂ ಅಮೆರಿಕದಲ್ಲಿ ಬೆಳೆಯಿತು. ಇವು ಕೊಮಾಗೊಮೆಯಿಂದ ಹುಟ್ಟಿದವೆಂದು ಹೇಳಲಾಗದು. ಅಲ್ಲಿ ಕಂಡದ್ದನ್ನೇ ಬೇರೆ ದಾರಿಯಿಂದ ಬಂದವರೂ ಕಂಡರೆನ್ನುವುದು ಯುಕ್ತ.

ಜಪಾನಿನಲ್ಲಿ ಒಳರೋಗಿಗಳ ಚಿಕಿತ್ಸೆ ಕ್ರಮೇಣ ಕುಗ್ಗಿತು. ಔಷಧಗಳು ಬಂದವು, ಒಂದೂವರೆ ತಿಂಗಳ ವಾಸಕ್ಕೆ ಬಿಡುವುಳ್ಳವರು ಕಡಿಮೆಯಾದರು, ವ್ಯಾಪಕವಾಗಿ ನಡೆಯುವುದು ಈಗ ಹೊರರೋಗಿಗಳ ಸಮಾಲೋಚನೆ ಮತ್ತು ದಿನಚರಿಯ ತಿದ್ದುಪಡಿ. ಜಿಕೇಕಾಯ್ ವಿಶ್ವವಿದ್ಯಾಲಯವು ಟೋಕಿಯೋ ಬಳಿಯ ತನ್ನ ಆಸ್ಪತ್ರೆಯಲ್ಲಿ 2007ರಲ್ಲಿ ಮೊರಿತಾ ಚಿಕಿತ್ಸಾ ಕೇಂದ್ರವನ್ನು ಸ್ಥಾಪಿಸಿತಾದರೂ, ಕ್ಯೋಟೋದ ಸಾನ್ಸೇ ಆಸ್ಪತ್ರೆ ತೊಂಬತ್ತು ವರ್ಷಗಳಿಗೂ ಮೀರಿದ ಸೇವೆಯ ಬಳಿಕ 2014ರಲ್ಲಿ ಮುಚ್ಚಿತು. ವೈದ್ಯರಿಲ್ಲದ ಒಂದು ಕವಲು ಮಾತ್ರ ಗಟ್ಟಿಯಾಗಿ ಬೆಳೆಯಿತು. ಮೊರಿತಾ ಅವರ ಬಳಿ ಚಿಕಿತ್ಸೆ ಪಡೆದಿದ್ದ ಮಿಜುತಾನಿ ಕೇಜಿ 1957ರಲ್ಲಿ ಬದುಕಿನ ಶೋಧವೆಂಬ ಅರ್ಥದ ಹೆಸರಿನ ಪತ್ರಿಕೆಯನ್ನು ಆರಂಭಿಸಿದರು. ಅದರ ಓದುಗರಲ್ಲಿ ಒಬ್ಬರಾಗಿದ್ದ ಹಸೆಗಾವಾ ಯೊಜೊ ಅವರ ಮುಂದಾಳ್ತನದಲ್ಲಿ 1970ರಲ್ಲಿ ಅದೇ ಹೆಸರಿನ ಸಂಘ ಹುಟ್ಟಿತು. ಚಿಂತೆಯಿಂದ ಬಳಲಿದವರೇ ಊರೂರುಗಳಲ್ಲಿ ಕಿರುಗುಂಪುಗಳಾಗಿ ಸೇರಿ, ಮೊರಿತಾ ಗ್ರಂಥಗಳನ್ನು ಒಟ್ಟಿಗೆ ಓದಿ, ತಮ್ಮ ದಿನಗಳ ವರದಿಯನ್ನು ಒಬ್ಬರಿಗೊಬ್ಬರು ಒಪ್ಪಿಸುವ ಈ ಸಂಘದಲ್ಲಿ, ಹೊಸದಾಗಿ ಬಂದವರಿಗೆ ದಾರಿ ತೋರುವವರು ಆ ದಾರಿಯನ್ನು ಮೊದಲು ನಡೆದುಬಂದ ಹಳೆಯ ಸದಸ್ಯರೇ.